ವಾರಂಟಿ ಕಾರ್ಡು ಒಂದು, ಬ್ಯಾಟರಿ ಇನ್ನೊಂದು

ಬ್ಯಾಟರಿ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದ ಟ್ಯಾಕ್ಸಿ ಡ್ರೈವರು ಪೇಪರಿನಿಂದ ಮುಖ ಎತ್ತಲಿಲ್ಲ. ಕಿವಿ ಮಾತ್ರ ಗಜದುದ್ದ ಬೆಳೆದು ಕೌಂಟರು ಮುಟ್ಟಿತು. ಅಲ್ಲೊಬ್ಬ ಭಾವ, ಪಕ್ಕದಲ್ಲಿ ಆ ಭಾವನ ಹೆಂಡತಿಯ ತಮ್ಮ. ನಡುವೆ ಭಾವನ ಕಾರಿನಿಂದ ಬಿಚ್ಚಿ ತಂದ ಬ್ಯಾಟರಿ.

ಮೆಕ್ಯಾನಿಕ್ ಟೆಸ್ಟರ್ ಹಚ್ಚಿದ. ಮುಳ್ಳು ಎದ್ದಂತೆ ಮಾಡಿ ಮಲಗಿಬಿಟ್ಟಿತು.

“ಲೋಡ್ ತಡೀತಿಲ್ಲ ಸಾರ್. ಹೊಸದೇ ಹಾಕ್ಬೇಕು.”

“ಎರಡು ದಿನ ಚಾರ್ಜಿಗೆ ಇಟ್ಟಿದ್ದೆ ಕಣಯ್ಯ! ತಗೊಂಡು ಎಂಟೇ ತಿಂಗಳು. ನೋಡು ವಾರಂಟಿ ಕಾರ್ಡು.” ಭಾವ ಕಾರ್ಡು ಚಾಚಿದ.

ಮೆಕ್ಯಾನಿಕ್ ಧೂಳು ಒರೆಸಿ ನಂಬರು ಓದಿದ.

“ಇದು ಆ ಬ್ಯಾಟರಿ ಅಲ್ಲ ಸಾರ್. ಆರು ವರ್ಷದ ಮುದುಕ ಇದು.”

ಭಾವ ನಿಧಾನಕ್ಕೆ ತಿರುಗಿದ.

“ಹೋದ ವಾರ ಸರ್ವೀಸ್ ಮಾಡಿಸ್ತೀನಿ ಅಂತ ಕಾರು ಒಯ್ದೋನು ನೀನು.”

“ನನ್ನನ್ನೇ ಕಳ್ಳ ಅಂತೀರಾ ಭಾವ?”

“ಇನ್ನೇನು ಆರತಿ ಎತ್ತಲಾ?”

“ಬದಲಾಯಿಸ್ಕೋ ಅಂದಿದ್ದೇ ಅಕ್ಕ. ಕಾರು ನಿಂತ್ರೆ ನಿಮ್ಮ ಇಸ್ಪೀಟೂ ನಿಲ್ಲುತ್ತಂತೆ.”

ಭಾವ ಮುದುಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲು ದಾಟಿದ.

“ಅಷ್ಟು ಭಾರ ಹೊತ್ಕೊಂಡು ಎಲ್ಲಿಗೆ ಭಾವ? ನನ್ನ ಕಾರು ಹತ್ತಿ, ಮನೆಗೆ ಬಿಡ್ತೀನಿ.”

“ನನ್ನ ಬ್ಯಾಟರೀಲಿ ನಿನ್ನ ಸವಾರಿ, ಅದಕ್ಕೆ ನಾನು ಪ್ಯಾಸೆಂಜರ್ರಾ? ಥೂ!”

ಅವನು ನಡೆದೇ ಹೋದ. ಭಾಮೈದನ ಕಾರು ಒಂದೇ ಕೀಲಿಗೆ ಸ್ಟಾರ್ಟ್ ಆಯಿತು.