ಅವ್ವನ್ನ ಅರಿಯೆ ಅಂದಾಕಿ

೧೯೯೧ರ ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಮುದಿ ಪಾಸ್ಟರೂ, ಯಡ್ರಾಮಿಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದ ಸುವಾರ್ತಾ ಎಂಬ ನರ್ಸೂ ಕೂತಿದ್ದರು.

"ಶುಭ ಶುಕ್ರವಾರ ಚರ್ಚಿನ್ಯಾಗ ಪೇತ್ರನ ಪಾಠ ನಾ ಓದಂಗಿಲ್ರಿ, ಅಯ್ಯನೋರೆ," ಎಂದಳು ಸುವಾರ್ತಾ.

"ಯಾಕವಾ?"

"ಅಂವ ಯೇಸುನ್ನ ಅರಿಯೆ ಅಂದ. ನಾ ನಮ್ಮವ್ವನ್ನೇ ಅರಿಯೆ ಅಂದೀನ್ರಿ."

"ಯಾವಾಗ?"

"ಹ್ವಾದ ತಿಂಗಳ. ಅವ್ವ ಮಣ್ಣೂರಿಂದ ಬೈಬಲ್ ಹಿಡಕೊಂಡು ಬಂದಿದ್ಳು. ಯಾರಿಕಿ ಅಂತ ಮನಿ ಮಾಲಕಿ ಕೇಳಿದ್ಳು. ಚರ್ಚಿನವರಂದ್ರ ಖೋಲಿ ಬಿಡಸ್ತಾಳಂತ ಹೆದರಿ, ಯಾರೋ ಊರಾಕಿ ಅಂದ್ಬಿಟ್ಟೆ."

"ಅವ್ವಗ ಕೇಳಿಸ್ತೇನು?"

"ಕೇಳಿಸ್ತ್ರಿ. ಏನೂ ಅನ್ನಲಿಲ್ಲ. ರೊಟ್ಟಿ ಬಡದು, ನನಗ ಉಣಿಸಿ, ಊರಿಗಿ ಹ್ವಾದ್ಳು."

ಪಾಸ್ಟರು ಅವಳತ್ತ ತಿರುಗಿ ಕೂತರು.

"ಸತ್ತು ಎದ್ದು ಬಂದ ಮ್ಯಾಲ ಯೇಸು ಪೇತ್ರಗ ಏನಂದ? ಸಮುದ್ರದ ದಂಡಿಮ್ಯಾಗ ಮೀನ ಸುಟ್ಟಿಟ್ಟು, ಬರ್ರಿ, ಊಟ ಮಾಡ್ರಿ ಅಂದ. ಯಾಕ ಹಂಗಂದಿ ಅಂತ ಕೇಳಲೇ ಇಲ್ಲ. ಪೇತ್ರ ಅರಿಯೆ ಅಂದ ಆ ಪಾಠ ನೀನೇ ಓದಬೇಕವಾ."

ಸುವಾರ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಓದ್ತೇನ್ರಿ," ಎಂದಳು.

ಅಫಜಲಪುರದ ಬಸ್ ಬಂತು. ಅವಳು ಎದ್ದಳು.

"ಇದು ಅಫಜಲಪುರದ್ದವಾ, ಯಡ್ರಾಮಿ ಬಸ್ ಅಲ್ಲ."

"ಗೊತ್ತದ್ರಿ. ಮಣ್ಣೂರಿಗಿ ಹೊಂಟೇನಿ. ಅವ್ವನ್ನ ಕರಕೊಂಡು ಬಂದು, ಇಕಿ ನನ್ನ ಹಡದಾಕಿ ಅಂತ ಮಾಲಕಿಗಿ ಹೇಳ್ತೇನಿ."

"ಖೋಲಿ ಬಿಡಿಸಿದ್ರ?"

"ಇಬ್ಬರೂ ಕೂಡಿ ಬ್ಯಾರೆ ಖೋಲಿ ಹುಡುಕ್ತೇವ್ರಿ," ಎನ್ನುತ್ತ ಅವಳು ಬಸ್ ಹತ್ತಿದಳು.