ಬ್ಯಾಲೆನ್ಸ್ ಮಾಡದ ಚಕ್ರಗಳ ಕಪ್

ಅಧ್ಯಕ್ಷ ಪೀಠದಲ್ಲಿ ಕೂತು ಆಗಲೇ ಎರಡನೇ ಏಲಕ್ಕಿ ಬನ್ನಿಗೆ ಕೈ ಹಾಕಿರುವ ಸನ್ಮಾನ್ಯ ರೈಮೊ ಹಾಪಸಾರಿ ಅವರೇ, ಪುರಸಭೆಯ ಕೆಲಸ ಬಿಟ್ಟು ಇಲ್ಲಿಯವರೆಗೆ ಬಂದಿರುವ ಮುಖ್ಯ ಅತಿಥಿಗಳೇ, ಹೌಕಿಕಂಗಾಸ್ ಮೋಟಾರು ಸಂಘದ ಹಳಬರೇ, ಹೊಸಬರೇ, ಬೆಳಗಿನಿಂದ ಬಟಾಣಿ ಸಾರು ಕುದಿಸಿದ ಅಡುಗೆಮನೆಯ ಹೆಂಗಸರೇ, ಬಾಗಿಲ ಹತ್ತಿರ ಕೋಟು ಕೂಡ ಬಿಚ್ಚದೆ ಕೂತಿರುವ ನನ್ನ ಮಗಳು ಸಿನಿಕ್ಕಾಳೂ ಸೇರಿದಂತೆ ಎಲ್ಲ ಸಭಿಕರೇ,

ಹೋದ ಚಳಿಗಾಲದಲ್ಲಿ ತೀರಿಕೊಂಡ ನನ್ನ ಗಂಡ ಔಲಿಸ್ ಪೆಲ್ಟೊಲಾನ ಹೆಸರಿನಲ್ಲಿ ನೀವು ಈ ವರ್ಷದಿಂದ ಕಪ್ ಕೊಡುತ್ತೀರಿ. ಸಂತೋಷ. ಕಪ್ಪಿನ ಮೇಲೆ ಅವನ ಮಾತನ್ನೂ ಕೆತ್ತಿಸಿದ್ದೀರಿ: 'ಕೆಸರೇ ಬ್ಯಾಲೆನ್ಸ್ ಮಾಡುತ್ತೆ.' ಚೆನ್ನಾಗಿ ಕೆತ್ತಿದ್ದಾರೆ, ದೂರಕ್ಕೂ ಕಾಣುತ್ತದೆ. ನನಗೂ ಒಂದು ಉಡುಗೊರೆ ಕೊಟ್ಟಿರಿ. ಗಂಜಿ ತಿರುವುವ ಮರದ ಸೌಟು, ಅದಕ್ಕೆ ಚಿನ್ನದ ಬಣ್ಣ. ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಈ ಸಭಾಂಗಣದಲ್ಲಿ ನಾನು ನಗದೆ ಇದ್ದದ್ದು ಯಾವಾಗ?

ಸೌಟು ಯಾಕೆ ಅಂತ ಮುಖ್ಯ ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ರೇಸು ಊರಾಚೆಯ ಹಳೇ ಜಲ್ಲಿ ಗುಂಡಿಯಲ್ಲಿ ನಡೆಯುತ್ತದೆ. ಗುಜರಿಗೆ ಹೋಗಬೇಕಾದ ಕಾರುಗಳು, ಮಣ್ಣಿನ ದಾರಿ, ಮೊಣಕಾಲುದ್ದ ಕೆಸರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಚಕ್ರದ ಒಳಬಾಯಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಔಲಿಸನ ಕಾರು ನಿಂತ ತಕ್ಷಣ ನಾನು ಸೌಟು ಹಿಡಿದು ಓಡುತ್ತಿದ್ದೆ, ಚಕ್ರದ ಒಳಗೆ ಕೈ ಹಾಕಿ ಕೆರೆಯುತ್ತಿದ್ದೆ. ರೈಮೊ ಧ್ವನಿವರ್ಧಕದಲ್ಲಿ ಕೂಗುತ್ತಿದ್ದ, "ನೋಡ್ರಪ್ಪಾ, ಹೆಲ್ಮಿಗೆ ಮತ್ತೆ ಶುಚಿಯ ಹುಚ್ಚು ಹಿಡೀತು! ಏನೇ ಹೆಲ್ಮಿ, ನಮ್ಮನೆ ಪಾತ್ರೇನೂ ಇದಾವೆ, ಬರ್ತೀಯಾ?" ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಒಲೆಯ ಮೇಲೆ ಸಾಸೇಜು ಸುಡುತ್ತಿದ್ದವನು ಕೂಡ ನಗುತ್ತಿದ್ದ, ಅವನ ಸಾಸೇಜು ಸೀದುಹೋಗುತ್ತಿದ್ದರೂ.

ಹಾಗಾದರೆ ಸಭಿಕರೇ, ಇಂಥ ರೇಸಿಗೆ ಚಕ್ರ ಬ್ಯಾಲೆನ್ಸ್ ಮಾಡಬೇಕೋ, ಅಂದರೆ ಅದರ ಸುತ್ತಲೂ ಭಾರ ಸಮ ಮಾಡಬೇಕೋ ಬೇಡವೋ? ಈ ಪ್ರಶ್ನೆಗೆ ಈ ಸಭಾಂಗಣದಲ್ಲಿ ಎಷ್ಟು ಕಾಫಿ ಖರ್ಚಾಗಿದೆ! ಒಂದು ಪಂಗಡ ಬೇಕು ಅನ್ನುತ್ತಿತ್ತು, ಇನ್ನೊಂದು ಬೇಡ ಅನ್ನುತ್ತಿತ್ತು. ಆಗ ಔಲಿಸ್ ಟೋಪಿ ಹಿಂದಕ್ಕೆ ತಳ್ಳಿ, "ಬ್ಯಾಲೆನ್ಸು ಪಟ್ಟಣದವ್ರಿಗೆ ಕಣ್ರೋ. ಇಲ್ಲಿ ಕೆಸರೇ ಬ್ಯಾಲೆನ್ಸ್ ಮಾಡುತ್ತೆ. ಮಿಕ್ಕಿದ್ದು ಕೈ ನೋಡ್ಕೊಳುತ್ತೆ," ಅನ್ನುತ್ತಿದ್ದ. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು. ಗೆದ್ದು ಗೆದ್ದು ಮನೆ ತುಂಬಿಸಿದವನ ಎದುರು ಯಾರು ಮಾತಾಡುತ್ತಾರೆ?

ನಾನು ಮಾತಾಡಬಹುದಿತ್ತು. ಯಾಕೆಂದರೆ ಅವನ ಚಕ್ರಗಳನ್ನು ಬ್ಯಾಲೆನ್ಸ್ ಮಾಡುತ್ತಿದ್ದವಳು ನಾನು.

ಅಷ್ಟೊಂದು ಗದ್ದಲ ಬೇಡ, ರೈಮೊ. ನಿನ್ನ ಬನ್ನು ಮುಗಿಸಿಕೋ.

ನಮ್ಮ ಸೌನಾದ, ಆ ಹಬೆಸ್ನಾನದ ಮನೆಯ, ಹೊರಕೋಣೆಯ ಗೋಡೆಗೆ ಹಳೇ ಕಾರಿನ, ಚಕ್ರ ಕೂರುವ ಹಬ್ ಒಂದನ್ನು ಬಿಗಿದಿದ್ದೆ. ಅದಕ್ಕೆ ಚಕ್ರ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ ಬಿಟ್ಟರೆ ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಅದರ ಎದುರು ಕಡೆಗೆ, ಒಳಗೆ, ಸೀಸದ ತುಂಡು ಅಂಟಿಸಬೇಕು. ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವಾಗ ದಾರಕ್ಕೆ ಕಟ್ಟುತ್ತೇವಲ್ಲ, ಅದೇ ಸೀಸ. ಚಕ್ರವನ್ನು ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುವ ತನಕ ಕೂರಬೇಕು. ನನಗೆ ಆ ಕೆಲಸ ಇಷ್ಟ. ಮದುವೆಯಾದ ಮೇಲೆ ನನ್ನದು ಅಂತ ಇದ್ದ ಕೆಲಸ ಅದೊಂದೇ. ಆದರೆ ಔಲಿಸ್ ಮೊದಲೇ ಹೇಳಿದ್ದ, "ಇದು ಈ ಬಾಗಿಲು ದಾಟಬಾರದು ಹೆಲ್ಮಿ. ಹೆಂಡ್ತಿ ತಿದ್ದಿದ ಚಕ್ರ ಅಂದ್ರೆ ನನ್ನ ಮುಖಕ್ಕೆ ಯಾರು ಬೆಲೆ ಕೊಡ್ತಾರೆ?"

ಗುಟ್ಟು ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಮುಖ್ಯ ಅತಿಥಿಗಳೇ, ಈ ರೇಸಿನ ಕಟ್ಟುಪಾಡು ಹೀಗಿದೆ: ರೇಸು ಮುಗಿದ ಮೇಲೆ ಯಾವ ಕಾರನ್ನಾದರೂ ಯಾರಾದರೂ ನಿಗದಿಯಾದ ಬೆಲೆಗೆ ಕೇಳಬಹುದು. ಇಬ್ಬರು ಮೂವರು ಕೇಳಿದರೆ ಚೀಟಿ ಎತ್ತುತ್ತಾರೆ. ಮಾಲೀಕ ಕೊಡುವುದಿಲ್ಲ ಅನ್ನುವಂತಿಲ್ಲ, ಅಂದರೆ ಅವನ ಲೈಸೆನ್ಸು ಹೋಯಿತು. ಕಾರಿಗೆ ಯಾರೂ ದುಡ್ಡು ಸುರಿಯಬಾರದು, ಬಡವನೂ ಗೆಲ್ಲಬೇಕು ಅಂತ ಈ ಏರ್ಪಾಡು. ಗೆದ್ದ ಔಲಿಸನ ಕಾರಿಗೆ ಚೀಟಿ ಬೀಳದ ಭಾನುವಾರವೇ ಇರಲಿಲ್ಲ. ಅದಕ್ಕೇ ಸ್ವಾಮಿ, ನಾನು ಸೌಟು ಹಿಡಿದು ಓಡುತ್ತಿದ್ದದ್ದು. ಸುತ್ತುಗಳ ನಡುವೆ, ಮೆತ್ತಿದ ಕೆಸರು ಚಕ್ರದ ಭಾರ ಕೆಡಿಸದಿರಲಿ ಅಂತ, ಕೆಸರು ಮಾತ್ರ ಕೆರೆಯುತ್ತಿದ್ದೆ. ಕೊನೆಯ ಸುತ್ತಾದ ಮೇಲೆ, ಚೀಟಿ ಎತ್ತುವ ಮೊದಲು, ಕೆಸರಿನ ಜೊತೆ ಸೀಸವನ್ನೂ ಕೆರೆದು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಕೊಂಡವರು ಮುಂದಿನ ವಾರ ಓಡಿಸಿದರೆ ಕಾರು ಗಡಗಡ ನಡುಗುತ್ತಿತ್ತು. ಆಗ ನೀವೆಲ್ಲ ಏನಂದಿರಿ? "ಆ ಕಾರು ಔಲಿಸನ ಕೈಗೆ ಮಾತ್ರ ಒಗ್ಗೋದು!" ಅಂದಿರಿ. ನಾನು ಕೆರೆದು ತೆಗೆದಷ್ಟೂ ಅವನ ಕೈ ದೊಡ್ಡದಾಯಿತು.

ಇದನ್ನೆಲ್ಲ ಹೇಳಬೇಕು ಅಂತ ನಾನು ಬಂದಿರಲಿಲ್ಲ. ಕಪ್ ಕೊಟ್ಟು, ಕಾಫಿ ಕುಡಿದು ಹೋಗೋಣ ಅಂತಿದ್ದೆ. ಆದರೆ ಕಪ್ಪಿನ ಮೇಲಿನ ಆ ಮಾತು ಓದಿದೆ.

ಎಷ್ಟೋ ವರ್ಷದ ಹಿಂದಿನ ಸಿನಿಕ್ಕಾಳ ರೇಸನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅಪ್ಪನ ಕಾರಿಗೆ ಅವಳೂ ಹೆಸರು ಕೊಟ್ಟಳು, ಚೀಟಿ ಅವಳಿಗೇ ಬಂತು. ಕುಣಿದಾಡಿದಳು. ದೋಣಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ನಾಲ್ಕೂ ಚಕ್ರಕ್ಕೆ ಬಳಿದಳು. ಅವಳು ಅತ್ತ ಹೋದಾಗ ಚಕ್ರ ಬಿಚ್ಚಿ, ಗೋಡೆಯ ಹಬ್‌ಗೆ ಸಿಕ್ಕಿಸಿ, ಸೀಸ ಅಂಟಿಸಿ, ಕಾಣದಿರಲಿ ಅಂತ ಅದರ ಮೇಲೂ ಅದೇ ನೀಲಿ ತಿಕ್ಕಿದೆ. ಬುಧವಾರದ ಅಭ್ಯಾಸದಲ್ಲಿ ಆ ಕಾರು ಹೇಗೆ ಓಡಿತು! ಹೊಸ ಕಾರು ತಂದಿದ್ದ ಅವಳಪ್ಪನನ್ನೇ ಉದ್ದನೆಯ ನೇರದಾರಿಯಲ್ಲಿ ಹಿಂದೆ ಹಾಕಿದಳು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಔಲಿಸನೂ ತಟ್ಟಿದ. ಮನೆಗೆ ಬಂದು ಊಟ ಮಾಡಲಿಲ್ಲ.

ಭಾನುವಾರ ಅದೇ ನೇರದಾರಿಯಲ್ಲಿ ಅವಳ ಸ್ಟೀರಿಂಗು ಕೈಯಲ್ಲಿ ನಿಲ್ಲಲಿಲ್ಲ. ಕಾರು ಅದರ ಕೊನೆಯ ತಿರುವು ಬಿಟ್ಟು ಪೈನ್ ಮರದ ಬುಡಗಳಿಗೆ ಹೋಗಿ ಬಡಿಯಿತು. ಅವಳ ಮಣಿಕಟ್ಟು ಮುರಿಯಿತು. ಆ ರೇಸು ಗೆದ್ದವನು ಔಲಿಸ್. ಸ್ಟ್ರೆಚರು ಇನ್ನೂ ದಾರಿ ದಾಟಿರಲಿಲ್ಲ, ಧ್ವನಿವರ್ಧಕದಲ್ಲಿ ರೈಮೊ ಅಂದ: "ಅಪ್ಪನ ಕಾರೇನೋ ಸಿಕ್ತು, ಅಪ್ಪನ ಕೈ ಸಿಗ್ಲಿಲ್ಲ!" ತಮಾಷೆಗೇ ಅಂದದ್ದು, ಗೊತ್ತು. ಆ ತಮಾಷೆ ಅಂಗಡಿಗೆ ಬಂತು, ಶಾಲೆಗೆ ಬಂತು, ಅವಳ ಮದುವೆಗೂ ಬಂತು. ಆವತ್ತಿನಿಂದ ನನ್ನ ಮಗಳು ಕಾರಿನ ಸ್ಟೀರಿಂಗು ಮುಟ್ಟಿಲ್ಲ. ಇವತ್ತೂ ಬಸ್ಸಿನಲ್ಲಿ ಬಂದಿದ್ದಾಳೆ.

ಆಸ್ಪತ್ರೆಯಲ್ಲಿ ಅವಳು ಕೇಳಿದ್ದಳು, "ಅಮ್ಮಾ, ಚಕ್ರ ನಡುಗ್ತಿತ್ತು. ಬುಧವಾರ ಹಾಗಿರ್ಲಿಲ್ಲ. ಏನೋ ಆಗಿತ್ತಲ್ವಾ?"

ನಾನು ಏನಂದೆ? "ಚಕ್ರದಲ್ಲಿ ಏನೂ ಇಲ್ಲ ಮಗಳೇ, ನಾನೇ ನೋಡಿದೀನಿ," ಅಂದೆ. ಚಕ್ರ ಸರಿಯಾಗಿತ್ತು ಅಂತ ಈ ಭೂಮಿಯ ಮೇಲೆ ಗೊತ್ತಿದ್ದವಳು ನಾನೊಬ್ಬಳೇ ತಾನೇ? ಊರು ಬಾಯಿಗೆ ಬಂದದ್ದು ಆಡಿತು, ನಾನು ಕಣ್ಣಾರೆ ಕಂಡದ್ದನ್ನು ನಂಬಿದೆ. ಅವಳ ಕೈ ಸರಿಯಿಲ್ಲ ಅಂತ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಅವಳ ತಾಯಿ.

ಈ ವಸಂತದಲ್ಲಿ ಔಲಿಸನ ಬಟ್ಟೆಗಳನ್ನು ಚರ್ಚಿಗೆ ಕೊಡಲು ತೆಗೆದೆ. ಅವನ ಹಳೇ ರೇಸಿನ ಜಾಕೆಟ್ಟು ಒಂದು ಕಡೆ ಎಳೆಯುತ್ತಿತ್ತು. ಭಾರ ಯಾವ ಕಡೆ ಅಂತ ನನಗೆ ಬೇಗ ತಿಳಿಯುತ್ತದೆ. ಜೇಬಿಗೆ ಕೈ ಹಾಕಿದೆ.

ಇಗೋ. ಮುಂದಿನ ಸಾಲಿನವರಿಗೆ ಕಾಣುತ್ತಿರಬಹುದು. ಸೀಸ. ದೋಣಿಯ ನೀಲಿ ಬಣ್ಣ, ಇನ್ನೂ ಮಾಸಿಲ್ಲ.

ತಾವಾಗಿ ಉದುರಿದ್ದರೆ ಇವು ಜಲ್ಲಿ ಗುಂಡಿಯ ಕೆಸರಿನಲ್ಲಿ ಇರಬೇಕಿತ್ತು, ಅಪ್ಪನ ಜೇಬಿನಲ್ಲಲ್ಲ. ಕೀಳುವುದಕ್ಕೆ ನನ್ನ ಸೌಟನ್ನೇ ಬಳಸಿದ, ಈ ಸೀಸದ ಅಂಚಿನ ಗೀರು ನನಗೆ ಗುರುತು ಸಿಗುತ್ತದೆ. ಯಾಕೆ ಕಿತ್ತ? ಗುಟ್ಟು ಹೊರಬೀಳುತ್ತದೆ ಅಂತಲೋ, ಮಗಳು ಮುಂದೆ ಹೋದಳು ಅಂತಲೋ? ಮತ್ತೆ ಎಸೆಯದೆ ಯಾಕೆ ಇಟ್ಟುಕೊಂಡ? ಅವನನ್ನೇ ಕೇಳಬೇಕು. ವಾರವಾರ ಹೋಗಿ ಅವನ ಕಲ್ಲಿನ ಮುಂದೆ ನಿಂತು ಕೇಳುತ್ತೇನೆ. ನನಗೆ ಅವನ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ತಗೊಂಡು ಹೋದ ಹೂವನ್ನು ವಾಪಸ್ಸು ತರುತ್ತೇನೆ.

ಅಧ್ಯಕ್ಷರೇ, ಕಪ್ ನಿಮ್ಮದು. ಅದರ ಮೇಲೆ ಏನು ಬೇಕಾದರೂ ಇರಲಿ. ನನ್ನ ಕೋರಿಕೆ ಒಂದೇ. ಬರುವ ಭಾನುವಾರ, ಅದೇ ಧ್ವನಿವರ್ಧಕದಲ್ಲಿ, ಅದೇ ದನಿಯಲ್ಲಿ, ಸಿನಿಕ್ಕಾ ಪೆಲ್ಟೊಲಾಳ ಕೈ ಸರಿಯಾಗಿತ್ತು ಅಂತ ಹೇಳಬೇಕು. ತಮಾಷೆ ಸೇರಿಸಬೇಡ ರೈಮೊ. ನಿನಗೆ ಕಷ್ಟ, ಆದರೂ ಸೇರಿಸಬೇಡ. ಈ ಚಿನ್ನದ ಸೌಟನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಸಿನಿಕ್ಕಾ, ಏಳಬೇಡ, ಬಸ್ಸಿಗೆ ಓಡಬೇಡ. ಕೋಟು ಹೇಗೂ ಹಾಕಿಕೊಂಡೇ ಇದ್ದೀಯ. ನನ್ನ ಕಾರು ಹೊರಗೆ ಬರ್ಚ್ ಮರದ ಕೆಳಗಿದೆ, ಕೀಲಿ ಇಗೋ ಇಲ್ಲಿದೆ. ಮನೆಗೆ ನೀನೇ ಓಡಿಸು. ಚಕ್ರಗಳನ್ನು ನಿನ್ನೆ ನಾನೇ ನೋಡಿದ್ದೇನೆ, ಸರಿ ಇವೆ. ಆದರೆ ನನ್ನ ಮಾತು ನಂಬಬೇಡ. ಹತ್ತುವ ಮೊದಲು ಬಗ್ಗಿ ನೀನೇ ನೋಡಿಕೋ.

ಇಷ್ಟು ಹೊತ್ತು ನಗದೆ ಕೇಳಿದ್ದಕ್ಕೆ, ಈ ಸಭಾಂಗಣದಲ್ಲಿ ಇದೇ ಮೊದಲ ಸಲ, ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.