ಏಳು ದಿನ ಸಾಕು ಅಂತ ಹೇಳು

ಬ್ಯಾಡ ಬ್ಯಾಡ, ನೀನು ಕೆಲಸ ನಿಲ್ಲಿಸ್ಬೇಡ ಬಚ್ಚಪ್ಪ. ಗಾರೆ ಬಿಗಿದ್ಬುಟ್ರೆ ಆ ಮೇಸ್ತ್ರಿ ನಿನ್ನ ಮೇಲೆ ಕೂಗಾಡ್ತಾನೆ. ನಾನು ಹೀಗೇ ಈ ಇಟ್ಟಿಗೆ ಗುಡ್ಡೆ ಮೇಲೆ ಕೂತು ಮಾತಾಡ್ತೀನಿ. ನೀನು ಗೋಡೆ ಕಡೆ ತಿರುಗೇ ಕೇಳು. ಕಿವಿ ಈ ಕಡೆ ಇದ್ರೆ ಸಾಕು.

ನಗ್ತೀಯಾ? ನಗು. ಮತ್ತಿಗಿರಿಯಿಂದ ಮೂಕಂಡಪಲ್ಲಿ ತನಕ ನಡು ಮಧ್ಯಾಹ್ನದ ಬಿಸಿಲಲ್ಲಿ ಮೊಪೆಡ್ ತಳ್ಕೊಂಡು ಬಂದೋನನ್ನ ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ. ದಾರೀಲಿ ಪೆಟ್ರೋಲ್ ಮುಗೀತು. ಒಳ್ಳೇದಾಯ್ತು ಅಂದ್ಕೊಂಡೆ. ನಡೀತಾ ನಡೀತಾ ಮಾತು ಜೋಡಿಸ್ಕೊಳ್ಳೋಕೆ ಹೊತ್ತು ಸಿಕ್ತು.

ಮುನಿಲಕ್ಷ್ಮಿ ಹೇಗವಳೆ ಅಂತ ನೀನು ಕೇಳಲ್ಲ. ನಾನೇ ಹೇಳ್ತೀನಿ. ಆಸ್ಪತ್ರೆಯಿಂದ ಕಳಿಸಿ ಇಪ್ಪತ್ತೆರಡು ದಿನ ಆಯ್ತು. ನಮ್ಮನೆ ಹೊಸ್ತಿಲಿಗೆ ಬರಲಿಲ್ಲ. ಆಟೋದಲ್ಲಿ ಕೂತ್ಕೊಂಡು ‘ಡೆಂಕಣಿಕೋಟೆಗೆ’ ಅಂದ್ಲು. ಅಷ್ಟೇ. ಅವಳ ತಮ್ಮ ಮುನೀಂದ್ರನ ಮನೇಲಿ ನಡುಮನೆ ಮಂಚದ ಮೇಲೆ ಅವಳೆ. ಬಲಗಾಲಲ್ಲಿ ಮೂರು ಬೆರಳಿಲ್ಲ. ತೊಡೆ ಮೇಲೆ ಹಾಲು ಸುರಿದ ಜಾಗ ಇನ್ನೂ ಕೆಂಪಗೇ ಐತೆ. ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಇಡ್ತಾಳೆ. ನಾನು ಹೋದ್ರೆ ಕಾಫಿ ಕೊಡಿಸ್ತಾಳೆ. ‘ಊಟ ಆಯ್ತಾ’ ಅಂತಾಳೆ. ಬೈಯಲ್ಲ, ಬಚ್ಚ. ಒಂದು ಮಾತು ಬೈಯಲ್ಲ... ಬೈದಿದ್ರೆ ಮನೆಗೆ ಬತ್ತಾಳೆ ಅಂತಾದ್ರೂ ಅಂದ್ಕೋತಿದ್ದೆ.

ತಗೋ, ಶನಿವಾರದ ಭಜನೆ ಪ್ರಸಾದ. ತಗೊಳ್ಳೋ... ಸರಿ, ಕೈ ಗಾರೆ ಆಗೈತೆ. ಇಲ್ಲೇ ಇಟ್ಟಿರ್ತೀನಿ.

ನೀನು ಆವತ್ತು ನನ್ನ ಎಷ್ಟು ಆಡ್ಕೊಂಡೆ, ಜ್ಞಾಪಕ ಐತಾ? ‘ಕೃಷ್ಣಗಿರಿ ಜಿಲ್ಲೇಲಿ ಬೆಟ್ಟ ಬೆಟ್ಟಾನೇ ಸೀಳಿ ಲಾರಿಗೆ ಹಾಕ್ತಾವ್ರೆ, ಈ ನಾರಾಯಣಸ್ವಾಮಿ ಅಡುಗೆಮನೆ ಕಟ್ಟೆಗೆ ಸಿಮೆಂಟಲ್ಲಿ ಕಲ್ಲು ಮಾಡ್ತಾನಂತೆ ನೋಡ್ರಲಾ!’ ಅಂತ ಟೀ ಅಂಗಡೀಲಿ ಎಲ್ಲಾರ ಮುಂದೆ. ನಾನು ಫೋನಲ್ಲಿ ಆ ವಿಡಿಯೋ ತೋರಿಸ್ದೆ. ಅವನ್ಯಾರೋ ತನ್ನ ಮನೇಲೇ ಹಲಗೆ ಹೊಡೆದು, ಕಾಂಕ್ರೀಟ್ ಹುಯ್ದು, ತಿಕ್ಕಿ ತಿಕ್ಕಿ ಕನ್ನಡಿ ಮಾಡ್ಬುಟ್ಟಿದ್ದ. ಗೋಡೆಯಿಂದ ಗೋಡೆಗೆ ಒಂದೇ ತುಂಡು. ಒಂದು ಸಂದಿಲ್ಲ. ಗ್ರಾನೈಟ್ ಹಾಕಿದ್ರೆ ಮೂಲೇಲಿ ಒಂದು ಜೋಡು ಬರುತ್ತೆ, ಅದರೊಳಗೆ ಜಿರಲೆ ಸೇರುತ್ತೆ, ಅವಳಿಗೆ ಜಿರಲೆ ಆಗಲ್ಲ.

ಅದೊಂದೇ ಅಲ್ಲ. ಅವಳು ಗಿಡ್ಡ. ಬಾಡಿಗೆ ಮನೆಗಳಲ್ಲಿ ಇಪ್ಪತ್ತಾರು ವರ್ಷ ಮಣೆ ಹಾಕ್ಕೊಂಡು, ಅದರ ಮೇಲೆ ನಿಂತು ಸಾರು ಕುದಿಸಿದ್ಲು. ನಮ್ಮದು ಅಂತ ಎರಡು ರೂಮು ಆದಾಗ ನಾನು ಅಂದ್ಕೊಂಡೆ... ಅವಳ ಮೊಣಕೈಗೆ ಸರಿಯಾಗಿ ಕಟ್ಟೆ ಬರ್ಬೇಕು. ನಾನೇ ಮಾಡ್ಬೇಕು. ಬಾಗಿಲ ಹತ್ರ ನಿಲ್ಲಿಸಿ ದಾರ ಹಿಡಿದು ಅಳತೆ ತಗೊಂಡೆ. ‘ಕೈ ಮಡಚು’ ಅಂದ್ರೆ ನಾಚ್ಕೊಂಡ್ಲು. ಐವತ್ತೆರಡು ವರ್ಷದೋಳು, ನಾಚ್ಕೊಂಡ್ಲು ಕಣ್ಲಾ!

ನೀನೂ ಕೊನೆಗೆ ಬಂದೆ. ಒಂದೇ ಶಾಲೇಲಿ ಒಂದೇ ಚಾಪೆ ಮೇಲೆ ಕೂತೋರು, ಬರದೆ ಇರ್ತೀಯಾ? ಹಲಗೆ ಮಟ್ಟ ಮಾಡಿ, ಭಾರ ತಡೆಯೋಕೆ ಕೆಳಗೆ ಸರ್ವೆ ಗಳಗಳ ಊರೆ ಕೊಟ್ಟು, ಎರಡು ಕಂಬಿ ಕಟ್ಕೊಟ್ಟು, ಬರೀ ಕಾಫಿ ಕುಡ್ಕೊಂಡು ಹೋದೆ. ಕಲಸಿದ್ದು ನಾನು, ಹುಯ್ದಿದ್ದು ನಾನು. ನೀರು ಸ್ವಲ್ಪ ಜಾಸ್ತಿ ಆಯ್ತು ಅಂದೆ ನೀನು. ಹೌದು, ನುಣ್ಣಗೆ ಬರ್ಲಿ ಅಂತ ನಾನೇ ಒಂದು ಚೊಂಬು ಹೆಚ್ಚಿಗೆ ಹಾಕಿದ್ದೆ. ಅದನ್ನ ಒಪ್ತೀನಿ.

ಆಮೇಲೆ ಹೊರಡೋ ಹೊತ್ತಲ್ಲಿ, ಚಪ್ಪಲಿ ಮೆಟ್ಕೊಂಡು, ನೀನು ಅಂದ್ಯಲ್ಲ... ಏಳು ದಿನ ಸಾಕು, ಎಂಟನೇ ದಿನ ಊರೆ ತೆಗೀಬಹುದು ಅಂತ...

ಯಾಕೆ? ಕರಣೆ ಯಾಕೆ ನಿಂತೋಯ್ತು?

ಅಲ್ಲ, ನೀನು ಆ ಮಾತು ಬಾಗಿಲ ಮೇಲಿನ ಲಿಂಟಲ್‌ಗೆ ಹೇಳಿರಬಹುದು. ನಾನು ಕಟ್ಟೆಗೆ ಅಂತ ಕೇಳಿಸ್ಕೊಂಡಿರಬಹುದು. ನನ್ನ ಕಿವಿ ಹೆಂಗೈತೆ ಅಂತ ನಿಂಗೊತ್ತು, ಫ್ಯಾಕ್ಟ್ರಿ ಸ್ಟೋರಲ್ಲಿ ಮೂವತ್ತು ವರ್ಷ ಆ ಮೆಷಿನ್ ಸದ್ದು... ಲಿಂಟಲ್ ಹಳೇದು ಅಂತೀಯಾ? ಹೌದು. ಲಿಂಟಲ್ ಮೊದಲಿಂದ ಇದ್ದಿದ್ದೇ. ಹಾಗಾದ್ರೆ ಫೋನಲ್ಲಿ ಏನೋ ಹೇಳಿರಬೇಕು. ತಲೆ ಅಲ್ಲಾಡಿಸ್ಬೇಡ, ನಾನು ಜಗಳಕ್ಕೆ ಬಂದಿಲ್ಲ.

ಹೊತ್ತು ನೋಡು ಆಗಲೇ ಎರಡಾಯ್ತು. ನಾಲ್ಕು ಗಂಟೆಗೆ ಅವರು ಬತ್ತಾರೆ. ಯಾರು ಅಂದ್ರೆ, ಮುನೀಂದ್ರ, ಅವಳು, ಅವಳ ಸೋದರತ್ತೆ ಚೆಲುವಮ್ಮ. ನಮ್ಮೂರ ಮಾರಮ್ಮನ ಗುಡಿಗೆ. ನಾನು ಪ್ರಮಾಣ ಮಾಡ್ಬೇಕು, ಬಚ್ಚ.

ಕಂಡಿಲ್ವಾ ನೀನು? ಅಮ್ಮನ ಮುಂದೆ ಕಲ್ಲಿನ ಮೇಲೆ ಕರ್ಪೂರ ಹಚ್ತಾರೆ. ಮಾತು ನಿಜ ಆದ್ರೆ ಬರಿಗೈಲಿ ಅದನ್ನ ತಟ್ಟಿ ಆರಿಸ್ಬೇಕು. ಸುಳ್ಳು ಹೇಳಿ ಆರಿಸಿದ್ರೆ... ಏನಾಗುತ್ತೆ ಅಂತ ಯಾರೂ ಹೇಳಲ್ಲ. ಹೇಳದೇ ಇರೋದರಲ್ಲೇ ಐತೆ ಭಯ.

ಅವಳೇ ಕೇಳಿದ್ದು. ಮೊನ್ನೆ ಗುರುವಾರ ನಾನು ಹೋಗಿ ‘ಆಡಿ ಮಾಸ ಮುಗೀತು, ಮನೆಗೆ ನಡಿ’ ಅಂದೆ. ಕಾಲು ನೋಡ್ಕೊಂಡು ಕೂತಿದ್ಲು. ಮೆಲ್ಲಗೆ ಅಂದ್ಲು: ‘ಊರೆ ತೆಗೀಬಹುದು ಅಂತ ಬಚ್ಚಣ್ಣನೇ ಹೇಳಿದ್ದು ಅಂತ ಮಾರಮ್ಮನ ಮುಂದೆ ಹೇಳಿ. ಹೇಳಿದ್ರೆ ಬತ್ತೀನಿ. ಹಣೆಬರಹ ಅಂದ್ಕೊಂಡು ಕುಂಟ್ಕೊಂಡೇ ಬತ್ತೀನಿ.’ ಅಷ್ಟೇ ಅಂದ್ಲು. ಇನ್ನೇನೂ ಕೇಳಲಿಲ್ಲ.

ಯಾಕಂದ್ರೆ ಹಾಲುಕ್ಕಿಸೋ ದಿನ ಒಲೆ ಹಚ್ಚೋ ಮುಂಚೆ ಅವಳು ನನ್ನ ಕೇಳಿದ್ಲು. ‘ಇದು ತಡೆಯುತ್ತಾ? ಬಚ್ಚಣ್ಣ ಬಂದು ನೋಡ್ಲಿಲ್ವಲ್ಲ’ ಅಂತ. ನಾನು ಅಂದೆ, ‘ಅವನೇ ಹೇಳವ್ನೆ, ಏಳು ದಿನ ಸಾಕು ಅಂತ.’ ‘ಬಚ್ಚಣ್ಣ ಹೇಳಿದ್ರೆ ಸರಿ’ ಅಂದ್ಲು. ಕಡ್ಡಿ ಗೀರಿದ್ಲು. ನೀರಿನ ಕೊಡ ಕಟ್ಟೆ ಮೇಲೇ ಇತ್ತು, ಗ್ರೈಂಡರ್ ಅಲ್ಲೇ ಇತ್ತು. ಹಾಲು ಉಕ್ಕೋದು ನೋಡೋಕೆ ಎರಡು ಮೊಣಕೈ ಊರಿ ಬಾಗಿದ್ಲು. ಕಟ್ಟೆ ಅವಳ ಮೇಲೇ...

ಕುಡಿಯೋಕೆ ನೀರು ಐತಾ ಇಲ್ಲಿ? ಡ್ರಮ್ಮಿನದೇ ಆಗ್ಲಿ... ಸಾಕು.

ನೋಡು, ನಾನು ಸುತ್ತಿ ಬಳಸಿ ಹೇಳಲ್ಲ. ನೀನು ನನಗೆ ಒಂದು ಉಪಕಾರ ಮಾಡು. ಈಗ, ಇಲ್ಲೇ, ಒಂದು ಸಲ ಬಾಯಿ ಬಿಟ್ಟು ಆ ಮಾತು ಹೇಳ್ಬುಡು. ‘ನಾರಾಯಣಸ್ವಾಮಿ, ಏಳು ದಿನ ಸಾಕು’. ಅಷ್ಟೇ. ನೀನು ಅವರ ಮುಂದೆ ಬರ್ಬೇಡ. ಗುಡಿ ಹತ್ರ ಸುಳಿಯಬೇಡ. ನನ್ನ ಕಿವಿಗೆ ಬಿದ್ರೆ ಸಾಕು. ಆಗ ನಾನು ಅಮ್ಮನ ಮುಂದೆ ನಿಂತು ‘ಬಚ್ಚಪ್ಪನ ಬಾಯಿಂದ ನಾನು ಈ ಮಾತು ಕೇಳಿದ್ದೀನಿ’ ಅಂದ್ರೆ ಅದು ಸುಳ್ಳಾಗಲ್ಲ. ಯಾವತ್ತು ಕೇಳ್ದೆ ಅಂತ ಅವಳು ಕೇಳಿಲ್ಲ. ಮುನೀಂದ್ರನೂ ಕೇಳಲ್ಲ. ಕೇಳಿದ್ದು ಉಂಟು ಅಂದ್ರೆ ಉಂಟು, ಅಷ್ಟೇ ತಾನೇ?

ಹಂಗೆ ನೋಡ್ಬೇಡ್ಲಾ. ನಾನು ಏಕಾದಶಿ ಬಿಟ್ಟೋನಲ್ಲ. ಸ್ಟೋರಲ್ಲಿ ಒಂದು ಬೋಲ್ಟು ಮನೆಗೆ ತಂದೋನಲ್ಲ. ಸುಳ್ಳು ಪ್ರಮಾಣ ನನ್ನ ಕೈಲಿ ಆಗಲ್ಲ. ಅದಕ್ಕೇ ನಿನ್ನ ಹತ್ರ ಬಂದಿದ್ದು.

ಹೇಳಲ್ವಾ?

ನಿನಗೆ ತೊಂದರೆ ಆಯ್ತು, ಗೊತ್ತು. ಆಸ್ಪತ್ರೆಲಿ ಕೇಳಿದೋರಿಗೆಲ್ಲ ನಾನು ನಿನ್ನ ಹೆಸರು ಹೇಳ್ದೆ. ನಮ್ಮ ಬೀದಿ ಕಮಲಮ್ಮನೋರು ತಮ್ಮ ಮನೆ ತಾರಸಿ ಕೆಲಸ ನಿನ್ನಿಂದ ತೆಗೆದು ಬೇರೆಯೋರಿಗೆ ಕೊಟ್ರು. ಮೇಸ್ತ್ರಿ ಆಗಿದ್ದೋನು ಇವತ್ತು ಇನ್ನೊಬ್ಬ ಮೇಸ್ತ್ರಿ ಕೈಕೆಳಗೆ ಗಾರೆ ಬಳೀತಾ ಇದ್ದೀಯ. ನೀನು ಒಂದು ದಿನ ಬಂದು ‘ಯಾಕ್ಲಾ ಹಂಗಂದೆ’ ಅಂತ ನನ್ನ ಕೊರಳಪಟ್ಟಿ ಹಿಡೀಲಿಲ್ಲ. ಯಾಕೆ ಹಿಡೀಲಿಲ್ಲ? ಹೇಳು. ಇದಕ್ಕಾದ್ರೂ ಬಾಯಿ ಬಿಡು.

ಸರಿ. ನೀನು ಇಪ್ಪತ್ತೊಂದು ದಿನ ಅಂದಿದ್ದೆ.

ಅಂದಿದ್ದಷ್ಟೇ ಅಲ್ಲ, ನೀರು ಜಾಸ್ತಿ ಆಗೈತೆ, ಮೋಡ ಐತೆ, ಚಳಿ ಐತೆ, ಒಂದು ದಿನವೂ ಮುಂಚೆ ಮುಟ್ಬೇಡ ಅಂತ ಇದ್ದಿಲಲ್ಲಿ ಗೋಡೆ ಮೇಲೆ ತಾರೀಖು ಬರೆದು ಹೋಗಿದ್ದೆ. ನಾನು ಆ ಗೋಡೆಗೆ ಸುಣ್ಣ ಹೊಡೆದೆ. ಹಾಲುಕ್ಕಿಸೋ ಹಿಂದಿನ ದಿನ, ಗುರುವಾರ ಹೊಡೆದೆ. ಆಯ್ತಾ?

ನನ್ನ ಕಷ್ಟ ಕೇಳು. ಕ್ಯಾಲೆಂಡರ್ ಹಿಡ್ಕೊಂಡು ಕೂತೆ. ಆ ಶುಕ್ರವಾರ ಬಿಟ್ರೆ ನಮ್ಮ ಆಷಾಢ ಹಿಡ್ಕೊಳ್ಳುತ್ತೆ. ಅದು ಮುಗಿಯೋ ಮುಂಚೆ ಈ ತಮಿಳರ ಆಡಿ ಬರುತ್ತೆ. ಎರಡೂ ಪಂಚಾಂಗ ನೋಡೋ ಊರಲ್ಲಿ ಹುಟ್ಟಿದೋನು ನಾನು. ಹೆಚ್ಚೂಕಡಿಮೆ ಎರಡು ತಿಂಗಳು ಹಾಲುಕ್ಕಿಸೋ ಹಂಗಿಲ್ಲ. ಅಲ್ಲೀ ತನಕ ಅವಳು ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡ್ಬೇಕಾ? ಶುಕ್ರವಾರ ಒಂಬತ್ತೂವರೆಗೆ ನಲ್ಲ ನೇರಂ, ಒಳ್ಳೇ ಹೊತ್ತು, ಅಂತ ಕ್ಯಾಲೆಂಡರಲ್ಲಿ ಇತ್ತು. ಊರೆ ಇಟ್ಕೊಂಡೇ ಉಕ್ಕಿಸೋಣ ಅಂತ ನಾನೂ ಯೋಚಿಸ್ದೆ. ಬೆಳಗ್ಗೆ ಸ್ನಾನ ಮಾಡಿ ಬಂದು ನೋಡಿದ್ರೆ... ಹಸೀ ಗಳ, ಹುರಿ ಹಗ್ಗ, ಅಡ್ಡಡ್ಡ ಕಟ್ಟಿರೋದು. ಚಟ್ಟದ ಹಂಗೆ ಕಾಣ್ತು ಕಣ್ಲಾ. ಹೊಸ ಮನೆ, ಮೊದಲ ಬೆಂಕಿ, ಅವಳ ಕಾಲ ಹತ್ರ ಚಟ್ಟ. ನನ್ನ ಮನಸ್ಸು ಒಪ್ಪಲಿಲ್ಲ. ಒಂದೊಂದೇ ಸಡಿಲಿಸಿ ಹಿತ್ತಲಿಗೆ ಹಾಕ್ದೆ. ಕಟ್ಟೆ ನಿಂತಿತ್ತು! ಗುಂಡುಕಲ್ಲಿನಂಗೆ ನಿಂತಿತ್ತು. ದೇವರಿಗೆ ಕೈ ಮುಗಿದೆ.

ಇಷ್ಟೇ. ಮುಚ್ಚಿಟ್ಟಿದ್ದು ಇಷ್ಟೇ. ದೈವಭಕ್ತಿಗೆ ಮಾಡಿದ ತಪ್ಪು. ಈಗ ಹೇಳು ಆ ಮಾತು. ಒಂದು ಸಂಸಾರ ಉಳಿಯುತ್ತೆ.

ಯಾಕೆ ನನ್ನ ಕೈ ನೋಡ್ತಾ ಇದ್ದೀಯ?

ಬಚ್ಚ... ಬೆರಳಲ್ಲಿ ಏನಿದೆ? ಏನೂ ಇಲ್ಲ. ತೊಳೆದಿದ್ದೀನಿ. ಎಷ್ಟೋ ದಿನ ಆಯ್ತು.

ಆವತ್ತು ಮಧ್ಯಾಹ್ನ ನಾನು ಆಸ್ಪತ್ರೆಲಿ ಇದ್ದಾಗ ನೀನೇ ಬಂದು ಮುರುಕಲೆಲ್ಲ ಹೊರಗೆ ಹಾಕ್ದೆ ಅಂತ ಪಕ್ಕದೋರು ಹೇಳಿದ್ರು. ಕೈಯಾರೆ ಎತ್ತಿದೆಯಂತೆ. ಹಾಗಾದ್ರೆ ಕಟ್ಟೆ ಮುರಿದ ಮುಖ ನೋಡಿರ್ತೀಯ.

ನೋಡ್ದೆ ಅಲ್ವಾ.

ಮುಂದಿನ ಅಂಚಲ್ಲಿ, ನಡುಮಧ್ಯೆ. ಊರೆ ತೆಗೆದು ಒಂದು ಗಂಟೆ ಆಗಿತ್ತು. ಕೂದಲೆಳೆ ಅಷ್ಟೇ, ಕೆಳಗಿಂದ ಮೇಲಕ್ಕೆ ಒಂದು ಗೀರು. ಉಗುರು ಆಡಿಸಿದ್ರೆ ತಿಳೀತಿತ್ತು. ಅಂಚಿಗೆ ಹೇಗೂ ಅರಿಶಿನ ಬಳಿಯೋದು ಪದ್ಧತಿ. ನಾನು... ಅಲ್ಲಿ ಎರಡು ಸಲ ಬಳಿದೆ. ದಪ್ಪಗೆ. ಮೇಲೆ ಕುಂಕುಮ ಇಟ್ಟೆ. ‘ತಾಯೀ, ಇವತ್ತೊಂದಿನ ತಡೆಸು, ನಾಳೆನೇ ಊರೆ ಕೊಡ್ತೀನಿ’ ಅಂತ ಬೇಡ್ಕೊಂಡೆ. ಬೇಡ್ಕೊಂಡು ಅವಳನ್ನ ಕೂಗ್ದೆ. ‘ಬಾ, ಹೊತ್ತಾಯ್ತು, ಒಲೆ ಹಚ್ಚು’ ಅಂತ.

ಅರಿಶಿನ ಒಳಗೆ ಇಳಿದಿತ್ತಾ? ಎಷ್ಟು? ಬೆರಳುದ್ದ?

ಯಾರಿಗಾದ್ರೂ ಹೇಳಿದ್ಯಾ? ಮುನೀಂದ್ರಂಗೆ? ಇಲ್ವಾ. ಅವಳಿಗೆ? ದೇವರಾಣೆಗೂ ಹೇಳಿಲ್ವಾ? ಹಾಗಾದ್ರೆ ಗೊತ್ತಿರೋದು ನಿನಗೆ, ನನಗೆ, ಆ ಅಮ್ಮನಿಗೆ. ಮೂರೇ ಜನ. ಹಾಗಿದ್ಮೇಲೆ ಯಾಕೆ ತಲೆ ತಗ್ಗಿಸ್ದೆ? ಯಾಕ್ಲಾ ಕಣ್ಣೊರೆಸ್ಕೋತೀಯ? ನೀನು ಹೇಳಿಲ್ಲ ಅಂದ್ಮೇಲೆ ಅವಳಿಗೆ ಹೆಂಗೆ...

ತಡಿ.

ಅವಳು ಪಕ್ಕಕ್ಕೆ ಬಿದ್ದಿದ್ಲು. ಕೆನ್ನೆ ನೆಲಕ್ಕೆ. ಒಂದು ತುಂಡು ಕಾಲ ಮೇಲೆ. ಇನ್ನೊಂದು ತುಂಡು ಮುಖದ ಮುಂದೆ, ಗೇಣುದ್ದ ದೂರದಲ್ಲಿ, ಮುರಿದ ಕಡೆ ಅವಳ ಕಡೆಗೇ. ನಾನು ಬೀದಿಗೆ ಓಡಿ ಜನ ಕರ್ಕೊಂಡು ಬರೋ ಹೊತ್ತಿಗೆ, ಹಾರೆ ಹುಡುಕಿ ಎತ್ತೋ ಹೊತ್ತಿಗೆ ಕಾಲು ಗಂಟೆ ಆಯ್ತು. ಅವಳು ಕೂಗಲೇ ಇಲ್ಲ. ಜ್ಞಾನ ತಪ್ಪೈತೆ ಅಂದ್ಕೊಂಡೆ. ಬಗ್ಗಿ ನೋಡಿದ್ರೆ ಕಣ್ಣು ಬಿಟ್ಟಿದ್ಲು. ಬಿಟ್ಟ ಕಣ್ಣು ಬಿಟ್ಟಂಗೇ ಅದನ್ನೇ ನೋಡ್ತಾ ಇದ್ಲು...

ಮುರಿದ ಕಡೆ ಹಳದಿ ಕಂಡ್ರೆ, ಹಸಿಯಾಗಿದ್ದ ಅರಿಶಿನ ಮುರಿಯೋ ಮುಂಚೆನೇ ಬಿರುಕಲ್ಲಿ ಇಳಿದಿತ್ತು ಅಂತ ಅವಳಿಗೆ ತಿಳಿಯಲ್ವಾ? ದಿನಾ ಹೊಸ್ತಿಲಿಗೆ ಬಳಿಯೋಳು.

ಗೊತ್ತಿದ್ದೂ, ಬಚ್ಚ, ಅವಳು ಅರಿಶಿನದ ಮಾತೇ ಎತ್ತಲಿಲ್ಲ. ನಿನ್ನ ಹೆಸರು ಹೇಳಿ ಪ್ರಮಾಣ ಮಾಡಿ ಅಂದ್ಲು. ಯಾಕೆ? ನಾನು ಕರ್ಪೂರಕ್ಕೆ ಕೈ ಹಾಕ್ತೀನಾ ಇಲ್ವಾ ಅಂತ ನೋಡೋಕಾ? ಹಾಕಿದ್ರೆ ಇಂಥೋನ ಜೊತೆ ಬಾಳೋದು ಹೆಂಗೆ ಅಂತಾಳೆ. ಹಾಕದೇ ನಿಂತ್ರೆ... ಆಗಲಾದ್ರೂ ಬತ್ತಾಳಾ? ಬತ್ತಾಳೇನೋ ಬಚ್ಚ?

ನೀನು ಆಸ್ಪತ್ರೆಗೆ ಅವಳನ್ನ ನೋಡೋಕೆ ಹೋಗಿದ್ದೆ ಅಲ್ವಾ. ಅವಳು ಏನಾದ್ರೂ ಹೇಳಿದ್ಲಾ? ಬರಲ್ಲ ಅಂದ್ಲಾ?

ಬಚ್ಚ?

...ಇರ್ಲಿ. ಗೋಡೆ ಕಡೆ ತಿರುಗ್ಬೇಡ, ತಿರುಗಿದ್ರೆ ನನಗೆ ತಿಳಿದ್ಬುಡುತ್ತೆ.